ಕೆಂಪು ಝಂಡಿ ಹಿಡಿದು ನಿಂತವನು

ದೆವ್ವ, ಭೂತ, ಮಾಟ ಇವನ್ನೆಲ್ಲ ನಾನು ನಂಬಿದವನಲ್ಲ. ಕಟ್ಟೆಯ ಮೇಲೆ ಯಾರಾದರೂ ಅಂಥ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಂಬಿದ್ದೇನೆ ಅಂತಲೂ ಅಲ್ಲ. ಆದರೆ ಎಪ್ಪತ್ತರ ದಶಕದಲ್ಲಿ, ಬೇಸಿಗೆಯ ಒಂದು ನಡುಮಧ್ಯಾಹ್ನ ನನಗಾದ ಅನುಭವವನ್ನು ಏನೆಂದು ಕರೆಯಬೇಕೋ ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ರಾತ್ರಿಯಾಗಿದ್ದರೆ ಕತ್ತಲೆಯ ಮೇಲಾದರೂ ತಪ್ಪು ಹೊರಿಸಬಹುದಿತ್ತು.

ನಾನು ನಿಡೋಣಿಯವನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟೆ. ವಿಜಾಪುರದಿಂದ ದಕ್ಷಿಣಕ್ಕೆ ಹೋಗುವ ಮೀಟರ್ ಗೇಜ್ ಹಳಿಯ ಮೇಲಿನ ಒಂದು ಸಣ್ಣ ಸ್ಟೇಶನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದೆ. ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡ, ಒಂದು ಟಿಕೆಟ್ ಕಿಟಕಿ, ಎರಡು ಬೇವಿನ ಮರ. ಆ ಹಳಿ ಹಾಕುವಾಗ ನನ್ನ ಮುತ್ತಜ್ಜ ಮಣ್ಣು ಹೊತ್ತಿದ್ದನಂತೆ. ದಿನಕ್ಕೆ ಕೆಲವೇ ಪ್ಯಾಸೆಂಜರ್ ಗಾಡಿ, ನಡುನಡುವೆ ಗೂಡ್ಸ್. ರೈಲು ಹಿಂದಿನ ಸ್ಟೇಶನ್ ಬಿಟ್ಟಿತೆಂದರೆ ನಾನು ತೂಗುಹಾಕಿದ ಹಳಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಬಾರಿಸುತ್ತಿದ್ದೆ. ಆ ಗಂಟೆ ಕೇಳಿ ಸುತ್ತಲ ಹೊಲದವರು ಬುತ್ತಿ ಬಿಚ್ಚುತ್ತಿದ್ದರು. ಗಾಡಿಯ ಹಳಿ ಬದಲಿಸಲು ಪಾಯಿಂಟ್ ತಿರುಗಿಸುವುದು, ದೀಪ ಒರೆಸುವುದು, ಪಾರ್ಸಲ್ ಏರಿಸುವುದು, ಪ್ರಯಾಣಿಕರಿಗೆ ಹರವಿಗಳಲ್ಲಿ ನೀರು ತುಂಬಿಡುವುದು, ಎಲ್ಲ ನನ್ನದೇ. ನನ್ನ ಕೆಲಸ ಇನ್ನೊಬ್ಬರು ಮಾಡಿದರು ಅನ್ನಿಸಿಕೊಂಡವನಲ್ಲ ನಾನು.

ಎಲ್ಲಕ್ಕಿಂತ ದೊಡ್ಡ ಜವಾಬ್ದಾರಿ ಗುಂಡಿನದು. ಒಂಟಿ ಹಳಿ ನೋಡಿ, ಎದುರಿನಿಂದ ಇನ್ನೊಂದು ಗಾಡಿ ಬರಬಾರದಲ್ಲ. ಅದಕ್ಕೆ ಎರಡು ಸ್ಟೇಶನ್ನುಗಳ ನಡುವಿನ ದಾರಿಗೆ ಅದರದೇ ಕಬ್ಬಿಣದ ಗುಂಡು, ಮೇಲೆ ಆ ಸ್ಟೇಶನ್ನುಗಳ ಹೆಸರು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡಬೇಕು. ಸರಿಯಾದ ಗುಂಡಿಲ್ಲದೆ ಗಾಡಿ ಮುಂದೆ ಹೋದರೆ ಕೊಟ್ಟವನ ನೌಕರಿಯೂ ಹೋಯಿತು, ಒಯ್ದವನದೂ ಹೋಯಿತು. ಓದು ಕಡಿಮೆಯಾದರೂ ಆ ಅಕ್ಷರಗಳನ್ನು ನಾನು ಒಂದು ಸಲವೂ ತಪ್ಪಿ ಓದಿರಲಿಲ್ಲ.

ಆ ದಿನ ನನ್ನ ಅಕ್ಕನ ಅತ್ತೆ ಸಾರವಾಡದಿಂದ ಚಕ್ಕಡಿಯಲ್ಲಿ ಬಂದಿದ್ದಳು. ಬಾಗಲಕೋಟೆಯ ಮಗಳ ಮನೆಗೆ ಹೊರಟಿದ್ದಳು, ಜೊತೆಗೆ ಎರಡು ಬುಟ್ಟಿ ಲಿಂಬೆಹಣ್ಣು. ಬಿಸಿಲಿಗೆ ನಾನು ತಲೆಗೆ ಹಸಿ ಟವೆಲ್ ಸುತ್ತಿಕೊಂಡಿದ್ದೆ. ವಿಜಾಪುರದ ಗಾಡಿ ಬಂದು ನಿಂತಿತು. ಡ್ರೈವರ್ ಕರೀಂ ಚಾಚಾ ತಂದ ಗುಂಡಿನ ಬಳೆಯನ್ನು ಒಳಗೆ ಗೂಟಕ್ಕೆ ತೂಗುಹಾಕಿದೆ. ಮುಂದಿನ ದಾರಿಯ ಬಳೆಯನ್ನು ಸ್ಟೇಶನ್ ಮಾಸ್ತರರು ಪಕ್ಕದ ಗೂಟಕ್ಕೆ ಹಾಕಿಟ್ಟಿದ್ದರು. ಹೊರಬಂದು ಎರಡೂ ಬುಟ್ಟಿ ಒಟ್ಟಿಗೇ ಎತ್ತಿ ರೈಲಿನ ಡಬ್ಬಿಗೆ ಏರಿಸಿದೆ.

"ಸಾಲಿಗಿ ಹೋಗಂದ್ರ ಕಣಕಿ ಬಣವಿ ಹಿಂದ ಅಡಗತಿದ್ದ" ಎಂದು ಅತ್ತೆ ಡಬ್ಬಿಯ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು. "ಈಗ ನೋಡ್ರೆವ್ವಾ, ಸರಕಾರದ ರೈಲ ಇವನ ಕೈಸನ್ನೀಗೆ ನಿಂದ್ರತೈತಿ!"

"ನಿಂದ್ರೂದಷ್ಟ ಅಲ್ಲಬೇ ಅತ್ತಿ, ನಾ ಹೇಳಿದ್ರನ ಹೋಗತೈತಿ" ಎಂದೆ ನಾನು.

ಹೆಂಗಸರು ನಕ್ಕರು. ಅದೇ ಉಬ್ಬಿನಲ್ಲಿ ಒಳಗೆ ಓಡಿ, ಚೀಲ ಬಿಚ್ಚಿ ನೋಡದೆ ಕೈಗೆ ಸಿಕ್ಕ ಬಳೆ ತಂದು ಚಾಚಾನಿಗೆ ಕೊಟ್ಟೆ. ಅವನೂ ನೋಡಲಿಲ್ಲ, ನನ್ನ ಮೇಲೆ ಅಷ್ಟು ಭರವಸೆ. ಗಾರ್ಡ್ ಹಸಿರು ಝಂಡಿ ಬೀಸಿದ. ಗಾಡಿ ಹೊರಟಿತು.

ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟಿದ ಮೇಲೆ ಮಾಸ್ತರರು ಹೊರಗೆ ಬಂದರು. ಕೈಯಲ್ಲಿ ಬಳೆ, ಮುಖದಲ್ಲಿ ರಕ್ತವಿಲ್ಲ.

"ಲೇ, ಮುಂದಿನ ಗುಂಡು ಇಲ್ಲೇ ಐತಿ! ಅವರಿಗೆ ಏನ್ ಕೊಟ್ಟಿಯೋ?"

ನಾನು ಕೊಟ್ಟಿದ್ದು ಚಾಚಾನೇ ತಂದಿದ್ದ ಹಿಂದಿನ ದಾರಿಯ ಗುಂಡು. ಮಾಸ್ತರರ ಕೈಯಿಂದ ಬಳೆ ಕಸಿದುಕೊಂಡು ಓಡಿದೆ. ನನ್ನ ಕೆಂಪು ಝಂಡಿ ಒಳಗೇ ಉಳಿಯಿತು. ಓಡಿ ರೈಲು ಹಿಡಿಯಲಾರೆನೆಂದು ಗೊತ್ತಿತ್ತು, ಆದರೂ ಓಡಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ರೇಲ್ವೆ ಮನೆ ಖಾಲಿ ಮಾಡುವುದೇ ಕಣ್ಣ ಮುಂದೆ ಬರುತ್ತಿತ್ತು. ಅಳುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯಿಲ್ಲ.

ಸಿಗ್ನಲ್ ದಾಟಿದ ಮೇಲೆ, ತಿರುವಿನಲ್ಲಿ, ಗಾಡಿ ಕಿರುಗುಟ್ಟಿ ನಿಂತುಬಿಟ್ಟಿತು.

ಡಬ್ಬಿಗಳ ಪಕ್ಕದಲ್ಲೇ ಓಡಿ ಎಂಜಿನ್ ಮುಟ್ಟಿದೆ. ಮಾತಾಡಲು ಉಸಿರಿರಲಿಲ್ಲ, ಬಳೆ ಚಾಚಿದೆ. ಕರೀಂ ಚಾಚಾ ಎರಡೂ ಚೀಲ ಬಿಚ್ಚಿ ಗುಂಡು ನೋಡಿದ, ಎರಡೂ ಕಿವಿ ಹಿಡಿದುಕೊಂಡ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀ ಹಿಂದಿಂದ ಹೆಂಗ ಬಂದ್ಯೋ? ಈಗ ಮುಂದ ನಿಂತಿದ್ದಿ."

"ಎಲ್ಲಿ ಚಾಚಾ? ಸ್ಟೇಶನ್ದಿಂದ ಓಡಿ ಬರಾಕತ್ತೇನಿ."

"ಚ್ಯಾಷ್ಟಿ ಮಾಡಬ್ಯಾಡ. ಆ ಜಾಲಿ ಗಿಡದ ಹಂತೇಕ, ಹಳಿ ನಡುವ, ಕೆಂಪು ಝಂಡಿ ಹಿಡಕೊಂಡು ನಿಂತಿದ್ದಿ. ತಲಿಗಿ ಇದ ಹಸಿ ಟವೆಲ್. ನಿನ್ನ ನೋಡೇ ಬ್ರೇಕ್ ಹಾಕೇನಿ."

"ನಾನೂ ನೋಡೇನಣ್ಣಾ" ಎಂದ ಕಲ್ಲಿದ್ದಲು ಹಾಕುವ ಫೈರ್‌ಮನ್. "ರೈಲಿಗಿಂತ ಮುಂದ ಹಾರಿ ಬಂದಿ ಏನು?"

ಜಾಲಿ ಗಿಡದ ಹತ್ತಿರ ಹೋಗಿ ನೋಡಿದೆ. ಸುತ್ತ ಬರಿ ಹೊಲ, ಬೆಳೆ ತೆಗೆದ ಕರಿ ನೆಲ. ಮನುಷ್ಯನೊಬ್ಬ ಅಡಗುವಂಥ ಜಾಗವೇ ಇರಲಿಲ್ಲ.

ದನ ಅಡ್ಡ ಬಂದಿತ್ತೆಂದು ಗಾರ್ಡ್ ಬರೆದುಕೊಂಡ. ಮಾಸ್ತರರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ, ಆಮೇಲೆ ತಾವೇ ಕರೆದು ಚಹಾ ಕೊಟ್ಟರು. ನೌಕರಿ ಉಳಿಯಿತು. ಅಲ್ಲೇ ಮಕ್ಕಳು ದೊಡ್ಡವರಾದರು, ಅವರ ಮದುವೆಗಳಾದವು, ಮರ್ಯಾದೆಯಿಂದ ನಿವೃತ್ತನಾದೆ. ಯಾವುದಕ್ಕೂ ಕೊರತೆಯಾಗಲಿಲ್ಲ.

ಕರೀಂ ಚಾಚಾ ಕೆಲಸ ಬಿಡುವ ದಿನ ಮತ್ತೆ ಕೇಳಿದೆ. ಅವನ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಒಂದನ್ನು ಮಾತ್ರ ಹೊಸದಾಗಿ ಹೇಳಿದ: ಆ ಮನುಷ್ಯನಿಗೆ ಗಡಿಬಿಡಿಯೇ ಇರಲಿಲ್ಲವಂತೆ. ಗಾಡಿ ನಿಲ್ಲುತ್ತದೆ ಎಂದು ಗೊತ್ತಿದ್ದವನಂತೆ ಸುಮ್ಮನೆ ನಿಂತಿದ್ದನಂತೆ.

ಹಾಗಾದರೆ ಅವನು ನಾನಲ್ಲ. ನಾನು ಅಳುತ್ತ ಓಡುತ್ತಿದ್ದೆ. ಇಷ್ಟು ವರ್ಷಗಳ ನೌಕರಿಯಲ್ಲಿ ಅದೊಂದು ದಿನ ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಯಾರೋ ಮಾಡಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ.