ಮೊದಲು ನೀರು, ಆಮೇಲೆ ಮಿಷನ್

ಚಿನ್ನದ ಗಣಿಯ ಊರಿಗಾಂನಲ್ಲಿ ಹೊಸದಾಗಿ ಕಟ್ಟಿದ ಒಂದು ದೊಡ್ಡ ಹಾಲ್‌ಗೆ ಮೊಜಾಯಿಕ್ ನೆಲ ಹಾಕಿದಾಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಆರು ಜನ ಹೆಂಗಸರು ಬೆಳಗಿನ ರೈಲಿಗೆ ಕೂಲಿಗೆ ಬರುತ್ತಿದ್ದೆವು. ಅಲ್ಲಿಯವರೆಗೆ ನಾನು ಕಂಡಿದ್ದು ಸಗಣಿ ಸಾರಿಸಿದ ನೆಲ, ಹೆಚ್ಚೆಂದರೆ ಚಪ್ಪಡಿ ಹಾಸಿದ ನೆಲ. ಕರೆಂಟಿನಲ್ಲಿ ಗಿರಗಿರನೆ ತಿರುಗಿ ನೆಲ ಉಜ್ಜುವ ಮಿಷನ್ ನೋಡಿದ್ದು ಅದೇ ಮೊದಲು. ಅದರ ಹೊಟ್ಟೆಯಡಿ ಸಾಣೆಕಲ್ಲುಗಳು, ಹಿಂದೆ ನೇಗಿಲಿನ ಮೇಳಿಯಂಥ ಹಿಡಿ. ಹಿಡಿ ಹಿಡಿಯುತ್ತಿದ್ದವನು ಸೇಲಂ ಕಡೆಯ ಒಬ್ಬ ಗಟ್ಟಿ ಆಳು. ಅವನನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು, ಅವನು ತನ್ನ ತಮಿಳಿನಲ್ಲಿ ನನ್ನನ್ನು ತಂಗಚ್ಚಿ ಎನ್ನುತ್ತಿದ್ದ.

ನನ್ನ ಕೆಲಸ ನೀರಿನದು. ಕಲ್ಲು ತಿರುಗುವ ಜಾಗಕ್ಕೆ ಚೊಂಬಿನಿಂದ ನೀರು ಬಿಡುತ್ತ ಹೋಗಬೇಕು. ಹಿಂದೆ ಉಳಿಯುವ ಬಿಳಿ ರಾಡಿಯನ್ನು ಒಣಗುವ ಮೊದಲೇ ಬಳಿದು ತೆಗೆಯಬೇಕು. ವಯರು ನೀರಿಗೆ ತಾಗದಂತೆ ಗೋಡೆಯ ಗೂಟಗಳ ಮೇಲೆ ಹಾಯಿಸುವುದೂ ನನ್ನ ಪಾಲಿಗೇ ಬಂತು. ಎರಡು ದಿನಕ್ಕೆ ಕೈ ಕುದುರಿತು.

ಅರ್ಧ ಹಾಲ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತಿತು. ಎಲ್ಲೋ ಪೈಪು ಒಡೆದಿದೆ, ನಾಲ್ಕು ದಿನ ಬರುವುದಿಲ್ಲವೆಂದರು. ನಮ್ಮ ಹತ್ತಿರ ಇದ್ದದ್ದು ಎರಡೇ ಪೀಪಾಯಿ ನೀರು.

ಮೇಸ್ತ್ರಿ ಹೆಚ್ಚು ಯೋಚಿಸಲಿಲ್ಲ. "ಒಣಗೇ ಉಜ್ಜಪ್ಪ, ಆಮೇಲೆ ಗುಡಿಸಾಕಿದ್ರೆ ಆಯ್ತು" ಎಂದ.

ಅಣ್ಣ ಮಿಷನ್ ಹಾಕಿದ. ಹತ್ತು ಎಣಿಸುವಷ್ಟರಲ್ಲಿ ಹಾಲ್ ತುಂಬ ಬಿಳಿ ಮೋಡ. ಎದುರಿನ ಕಿಟಕಿ ಕಾಣಲಿಲ್ಲ. ಅಣ್ಣನ ರೆಪ್ಪೆ, ಮೀಸೆ ಬೆಳ್ಳಗಾದವು, ನನ್ನ ನಾಲಿಗೆಯ ಮೇಲೆ ಮರಳು ಕೂತಿತು.

ನನಗೆ ಅಪ್ಪ ಕಣ್ಣ ಮುಂದೆ ಬಂದ. ಅಪ್ಪ ಗಣಿಯೊಳಗೆ ಡ್ರಿಲ್ ಹಿಡಿದವನು. ಆಗ ಅವನಿಗೆ ಐವತ್ತೂ ಆಗಿರಲಿಲ್ಲ. ಜಗಲಿ ಹತ್ತಿದರೆ ಕೂತು ಉಸಿರು ಕೂಡಿಸಿಕೊಂಡೇ ಮಾತಾಡುತ್ತಿದ್ದ. "ಕಲ್ಲಿನ ಧೂಳು ಒಳಕ್ ಹೋದ್ರೆ ಈಚೆಗ್ ಬರಾಕಿಲ್ಲ ಕಣಮ್ಮ. ಮೊದ್ಲು ನೀರು, ಆಮೇಲೆ ಮಿಷನ್ನು" ಎಂದು ನೂರು ಸಲ ಹೇಳಿದ್ದ.

ನಾನು ಓಡಿಹೋಗಿ ಸ್ವಿಚ್ ಆರಿಸಿದೆ.

"ಯಾರಮ್ಮ ನಿಲ್ಸಿದ್ದು?" ಮೇಸ್ತ್ರಿ ಬಾಗಿಲಿನಿಂದಲೇ ಕೂಗಿದ. ಅವನು ಧೂಳಿನಿಂದ ಆಚೆ ನಿಂತಿದ್ದ.

"ನಾನೇ ಮೇಸ್ತ್ರಿ. ನೀರಿಲ್ದೆ ಉಜ್ಜಬ್ಯಾಡಿ. ಗಣಿಲಿ ನಮ್ಮಪ್ಪನ ಎದೆಗೆ ಕೂತಿದ್ದೂ ಇಂಥ ಧೂಳೇ."

"ಇದೇನು ಗಣಿನಾ?"

"ಇದೂ ಕಲ್ಲೇ ಅಲ್ವಾ? ಬೇಕಾದ್ರೆ ಒಳಕ್ ಬಂದು ಒಂದ್ ಗಳಿಗೆ ನಿಂತ್ಕಳಿ."

ಅವನು ಬರಲಿಲ್ಲ. "ಹಂಗಾದ್ರೆ ನೀರು ನಿಮ್ಮಪ್ಪ ತರ್ತಾನಾ?" ಎಂದ. ಜೊತೆಯ ಹೆಂಗಸರು ನನ್ನ ಸೆರಗು ಜಗ್ಗಿದರು. ನನಗೆ ಮಾತ್ರ ಹೆದರಿಕೆ ಆಗಲಿಲ್ಲ. ರಾಡಿ ಬಳಿದು ತುಂಬುವ ಬಾನಿಯನ್ನು ನಾನು ದಿನಾ ನೋಡುತ್ತಿದ್ದೆ. ಊಟ ಮಾಡಿ ಬರುವಷ್ಟರಲ್ಲಿ ಕಲ್ಲಿನ ಹಿಟ್ಟು ತಳಕ್ಕಿಳಿದು, ಮೇಲೆ ತಿಳಿನೀರು ನಿಂತಿರುತ್ತಿತ್ತು.

"ಇರೋ ನೀರೇ ಸಾಕು. ಎರಡು ಖಾಲಿ ಪೀಪಾಯಿ ಕೊಡ್ಸಿ" ಎಂದೆ.

ಮೇಸ್ತ್ರಿ ಗೊಣಗಿದ. ಆದರೆ ಅಣ್ಣ ಕೆಮ್ಮುತ್ತ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, "ತಂಗಚ್ಚಿ ಹೇಳೋದು ಸರಿ ಮೇಸ್ತ್ರಿ. ತಣ್ಣಿ ಇಲ್ದೆ ನಾನು ಮಿಷನ್ ಮುಟ್ಟಲ್ಲ" ಎಂದುಬಿಟ್ಟ. ಮಿಷನ್ ಬಲ್ಲವನು ಅವನೊಬ್ಬನೇ. ಪೀಪಾಯಿಗಳು ಬಂದವು.

ರಾಡಿಯನ್ನು ಒಂದಕ್ಕೆ ತುಂಬಿ ಬಿಡುವುದು, ತಿಳಿಯಾದದ್ದನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಕಲ್ಲಿಗೆ ಬಿಡುವುದು, ಅಷ್ಟರಲ್ಲಿ ಇನ್ನೊಂದು ತುಂಬುವುದು. ತಳದ ಗಸಿಯನ್ನು ಹಸಿಯಾಗಿಯೇ ಹೊತ್ತು ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಆ ಬೆಳಗಿನ ಒಣಧೂಳನ್ನೂ ಪೊರಕೆಯಿಂದ ಮುಟ್ಟಗೊಡಲಿಲ್ಲ. ಒದ್ದೆ ಗೋಣಿಯಿಂದ ಒರೆಸಿದೆವು. ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ. ನಾಲ್ಕನೆಯ ದಿನ ನಲ್ಲಿಗೆ ನೀರು ಬಂದಾಗ ಮೇಸ್ತ್ರಿಯೇ, "ಆ ಪೀಪಾಯಿ ಅಲ್ಲೇ ಇರ್ಲಮ್ಮ" ಎಂದ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು "ಸ್ವಿಚ್ ಮುಟ್ಟಾವಾಗ ಕೈ ಒಣಗಿತ್ತಾ?" ಎಂದು ಕೇಳಿದ. ಒಣಗಿತ್ತು ಎಂದೆ. ತಲೆಯಾಡಿಸಿದ.

ಹಾಲ್ ಮುಗಿಯುವ ವಾರ ಅಣ್ಣ ಹಿಡಿಯನ್ನು ನನ್ನ ಕಡೆ ತಿರುಗಿಸಿದ. "ಪಿಡಿ ತಂಗಚ್ಚಿ, ನೋಡಾಣ." ಹಿಡಿದೆ. ಮಿಷನ್ ಮೊಂಡು ಹೋರಿಯಂತೆ ನನ್ನನ್ನು ಗೋಡೆಯವರೆಗೆ ಎಳೆದೊಯ್ದಿತು. ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು, ನಾನೂ ನಕ್ಕೆ. ಎರಡನೆಯ ದಿನ ಅದು ನನ್ನ ಮಾತು ಕೇಳಿತು. ಮುಂದೆ ಬಂಗಾರಪೇಟೆಯಲ್ಲಿ ಒಂದು ಮನೆಯ ನೆಲ ಉಜ್ಜಲು ಮೇಸ್ತ್ರಿ ಹೇಳಿಕಳಿಸಿದಾಗ ಹಿಡಿ ಹಿಡಿದವಳು ನಾನು. ಆ ಮನೆಯಾಕೆ ಹಸಿ ನೆಲಕ್ಕೆ ಬಗ್ಗಿ ತನ್ನ ಮುಖ ನೋಡಿಕೊಂಡು, ಕುಂಕುಮ ಸರಿಮಾಡಿಕೊಂಡಳು.