ಒಳಗಿನ ಕ್ಲಾಂಪು

ಒಳಗಿನ ಕ್ಲಾಂಪನ್ನು ಬಿಗಿದವನು ನಾನೋ, ಭಾವನೋ, ಅಥವಾ ಆ ಮಧ್ಯಾಹ್ನ ಯಾರೂ ಅದನ್ನು ಬಿಗಿಯಲೇ ಇಲ್ಲವೋ, ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿದ ನೆನಪು ಮಣಿಕಟ್ಟಿನಲ್ಲಿತ್ತು. ಆದರೆ ಆ ಕ್ಲಾಂಪು ಹಿಡಿದಿಡಬೇಕಾದ ದೋಣಿಯ ರಬ್ಬರನ್ನು ನಾವು ಎರಡು ಸಲ ಕೂರಿಸಿದ್ದೆವು: ಮೊದಲು ಅಂಟಿಲ್ಲದೆ, ಅಳತೆ ಸರಿಯಿದೆಯೇ ಎಂದು ನೋಡಲು; ಆಮೇಲೆ ಅಂಟು ಹಚ್ಚಿ. ನನ್ನ ನೆನಪು ಯಾವ ಸಲದ್ದು? ಕಡೂರಿನಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಹೇಳುವ ನಾನು, ಬರೆದಿಡದ ಅಳತೆ ಅಳತೆಯೇ ಅಲ್ಲ ಎಂದು ಪ್ರಯೋಗಾಲಯದಲ್ಲಿ ಗದರುತ್ತಿರುತ್ತೇನೆ. ಅಂದು ಏನನ್ನೂ ಬರೆದಿಡಲಿಲ್ಲ. ಕೈತುಂಬ ಗ್ರೀಸಿತ್ತು.

ಭಾವ ಎಂದರೆ ಅಕ್ಕನ ಗಂಡ. ಅಜ್ಜಂಪುರದಲ್ಲಿ ಅವರದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಹೊಸ ಟ್ರ್ಯಾಕ್ಟರುಗಳು ಕೊಂಡ ಕಡೆಗೇ ರಿಪೇರಿಗೆ ಹೋಗತೊಡಗಿದ ಮೇಲೆ ಅಂಗಡಿಯ ಮುಂದೆ ಕೋಳಿಗಳು ಧೈರ್ಯವಾಗಿ ಓಡಾಡುತ್ತಿದ್ದವು. ಅಂಥ ಹೊತ್ತಿನಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಆಚೆ, ಭದ್ರಾ ಹಿನ್ನೀರಿನ ದಡದ ಒಂದು ವಸತಿಗೃಹದ ಮಾಲೀಕರು ಅವರಿಗೆ ಹೇಳಿಕಳಿಸಿದರು. ಹಳೆಯ ಮೋಟಾರ್ ದೋಣಿಯೊಂದಕ್ಕೆ ನೀರು ನುಗ್ಗುತ್ತಿದೆ. ಅದನ್ನು ಸರಿಮಾಡಿ ಓಡಿಸಿ ತೋರಿಸಿದರೆ ಅಲ್ಲಿನ ಎಲ್ಲ ದೋಣಿಗಳ ಕೆಲಸವೂ ಭಾವನದೇ. ಇಲ್ಲದಿದ್ದರೆ ಕರಾವಳಿಯಿಂದ ಬೇರೆಯವರು ಬರುತ್ತಾರೆ.

ಆ ದೋಣಿಯ ಇಂಜಿನ್ ಒಳಗಿದೆ. ಪ್ರೊಪೆಲ್ಲರ್ ಇರುವ ಕಬ್ಬಿಣದ ಕಾಲು ಹಿಂಭಾಗದಲ್ಲಿ ಹೊರಗೆ ನೀರಿಗೆ ಇಳಿದಿದೆ. ಇದಕ್ಕೆ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಎರಡನ್ನೂ ಸೇರಿಸುವ ಶಾಫ್ಟು ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ತೂತಿನ ಮೂಲಕ ಹಾಯುತ್ತದೆ. ಆ ಶಾಫ್ಟಿನ ಸುತ್ತ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ. ಕಾಲು ಎತ್ತ ತಿರುಗಿದರೂ, ಮೇಲೆ ಎದ್ದರೂ, ರಬ್ಬರು ಬಾಗಿ ಕೊಡುತ್ತದೆ, ನೀರನ್ನು ಮಾತ್ರ ಬಿಡುವುದಿಲ್ಲ. ಅದು ಹರಿದರೆ ಹಿನ್ನೀರು ದೋಣಿಯೊಳಗೆ.

ಇದನ್ನೆಲ್ಲ ನಾನು ಫೋನಿನಲ್ಲಿ ಓದಿ, ಚಿತ್ರ ನೋಡಿ ತಿಳಿದದ್ದು. ಇಂಗ್ಲಿಷ್ ಓದಿ ಹೇಳಲು ಭಾವ ನನ್ನನ್ನು ಕರೆಸಿಕೊಂಡಿದ್ದರು. ಅಕ್ಕ ಹಿನ್ನೀರು ನೋಡುವ ಆಸೆಗೆ ಬೈಕಿನ ಹಿಂದೆ ಕೂತು ಬಂದಿದ್ದಳು.

ದೋಣಿಯನ್ನು ದಡಕ್ಕೆಳೆದು, ಇಂಜಿನ್ ಎತ್ತುವ ಚೈನ್ ಪುಲ್ಲಿ ಕಟ್ಟಿ ಕಾಲನ್ನು ಬಿಚ್ಚಿದೆವು. ಹಳೆಯ ರಬ್ಬರು ಕೈಗೆ ಬಂತು. ಎಲ್ಲ ಕಡೆ ಚೆನ್ನಾಗಿಯೇ ಇತ್ತು, ಮೇಲುಭಾಗದ ಮಡಿಕೆಗಳು ಮಾತ್ರ ಸೀಳಿದ್ದವು.

“ಭಾವ, ಕಾಲನ್ನ ವರ್ಷಪೂರ್ತಿ ಎತ್ತಿ ಇಟ್ಟಿದಾರೆ. ರಬ್ಬರು ಮಡಿಚ್ಕೊಂಡಿದ್ದು ಮಡಿಚ್ಕೊಂಡಂಗೇ ಒಣಗಿ ಒಡೆದಿದೆ. ಕಾಲು ಇಳಿಬಿಟ್ಟು ನಿಲ್ಲಿಸ್ಬೇಕು ಅಂತ ಬರ್ದಿದೆ.”

“ಎತ್ತಿಡ್ದೆ ಇನ್ನೇನ್ ಮಾಡ್ತಾರೆ ಮೇಷ್ಟ್ರೇ? ಎತ್ತು ಬಿಚ್ಚಿದ್ಮೇಲೆ ನೊಗಾನ ಮಣ್ಣಿಗೆ ಬಿಡ್ತಾರೇನೋ?”

ನಮ್ಮ ಕಡೆ ಬಿಡುವುದಿಲ್ಲ, ನಿಜ. ಗಾಡಿ ನಿಲ್ಲಿಸಿದರೆ ನೊಗಕ್ಕೆ ಕವೆಗೋಲು ಆನಿಸಿ ಎತ್ತಿಡುವುದು ಮರ್ಯಾದೆ. ದುಡಿದ ವಸ್ತು ಮಣ್ಣಲ್ಲಿ ಬೀಳಬಾರದು. ಭಾವನ ಅಂಗಡಿಯಲ್ಲಿ ನೇಗಿಲಿನ ಗುಳಗಳೂ ಕಲ್ಲಿನ ಮೇಲೆಯೇ ಕೂರುತ್ತವೆ.

“ಅದ್ಸರಿ, ದೋಣಿಗೆ ಕವೆಗೋಲು ಕೊಡೋದನ್ನ ಇವರಿಗೆ ಯಾರ್ ಹೇಳ್ಕೊಟ್ರು?” ಎಂದೆ.

ಭಾವ ಹಳೆಯ ಅಂಟು ಕೆರೆಯುತ್ತ ಕೂತರು. ಅಕ್ಕ ನಕ್ಕಳು. “ಇನ್ಯಾರು? ಹೋದ್ವರ್ಷ ಇಂಜಿನ್ ನೋಡಕ್ಕೆ ಬಂದೋರು ಇವರೇ ಅಲ್ವಾ. ಕೋಲು ಕಡಿದು ಕೊಟ್ ಬಂದೆ ಅಂತ ಮನೇಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.”

“ಮೆತ್ತಗ್ ಮಾತಾಡೇ! ವಾಚ್‌ಮನ್ನು ಅಲ್ಲೇ ನಿಂತವ್ನೆ.”

ಹೊಸ ರಬ್ಬರಿಗೆ ಎರಡು ತುದಿ, ತುದಿಯನ್ನು ಸುತ್ತಿ ಸ್ಕ್ರೂವಿನಿಂದ ಬಿಗಿಯುವ ಎರಡು ಪಟ್ಟಿ, ಅಂದರೆ ಕ್ಲಾಂಪು. ಹೊರಗಿನದು ಎಂದೂ ಕೈಗೆ ಸಿಗುತ್ತದೆ. ದೋಣಿಯ ಕಡೆಯದು ಒಳಗಿನದು. ಮೇಲಿನ ಭಾಗಗಳನ್ನು ಜೋಡಿಸಿದ ಮೇಲೆ ಎಲ್ಲ ಮತ್ತೆ ಬಿಚ್ಚದೆ ಕಾಣುವುದಿಲ್ಲ. ಅಂಟಿಲ್ಲದೆ ಕೂರಿಸಿ, ಬಿಗಿದು, ಸರಿಯಿದೆ ಎಂದು ಸಡಿಲಿಸಿ ತೆಗೆದೆವು. ಅಂಟು ಹಚ್ಚಿ ಮತ್ತೆ ಕೂರಿಸಿದೆವು. ಅಷ್ಟರಲ್ಲಿ ವಾಚ್‌ಮನ್ ಕೂಗಿದ: ಮಾಲೀಕರ ಫೋನು, ನಾಳೆ ಬೆಳಿಗ್ಗೆಯೇ ಬರುತ್ತಾರಂತೆ. ಭಾವ ಓಡಿದರು. ಅಕ್ಕ ಚಪಾತಿಯ ಗಂಟು ಬಿಚ್ಚಿ ನನ್ನನ್ನು ಕರೆದಳು. ಇದಾದ ಮೇಲೆ ನನಗೆ ನೆನಪಿರುವ ಚಿತ್ರದಲ್ಲಿ ಒಳಗಿನ ಕ್ಲಾಂಪು ಆಗಲೇ ಮುಚ್ಚಿಹೋಗಿದೆ. ನಡುವೆ ಏನಾಯಿತೋ ಅದಿಲ್ಲ. ಚಪಾತಿಗೆ ಕಾಯಿಚಟ್ನಿ ಇತ್ತು ಎಂಬುದು ಇದೆ.

ಸಂಜೆ ಬಸ್ಸು ಬೀರೂರಿನಲ್ಲಿ ನಿಂತಾಗ ಅನುಮಾನ ಹುಟ್ಟಿತು. ಕಡೂರು ತಲುಪುವವರೆಗೂ ತಡೆದುಕೊಂಡು ಫೋನು ಮಾಡಿದೆ.

“ಭಾವ, ಅಂಟು ಹಚ್ಚಿದ್ಮೇಲೆ ಒಳಗಿನ ಕ್ಲಾಂಪು ಬಿಗಿದಿದ್ದು ಯಾರು?”

“ನೀನೇ ಅಲ್ವೇನೋ?”

“ನಾನು ನೀವು ಅಂದ್ಕೊಂಡಿದ್ದೆ.”

“ಬಿಗಿದಿರ್ತೀವಿ ಬಿಡೋ. ಮಲಕ್ಕೋ.”

ಮಲಗಲಾಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ತರೀಕೆರೆಯಲ್ಲಿ ಲಕ್ಕವಳ್ಳಿ ಬಸ್ಸಿಗೆ ಕಾಯುವಾಗ ಕೂರಲಾಗದೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದೆ. ಆ ದೋಣಿಯಲ್ಲಿ ಅಕ್ಕ ಕೂರುತ್ತಾಳೆ. ಅವಳಿಗೆ ಈಜು ಬರುವುದಿಲ್ಲ.

ನಾನು ತಲುಪಿದಾಗ ದೋಣಿಯನ್ನು ನೀರಿಗಿಳಿಸಿ ದಡಕ್ಕೆ ಕಟ್ಟಿದ್ದರು. ಕಬ್ಬಿಣದ ಕಾಲು ಕವೆಗೋಲಿನ ಮೇಲೆ ಅಂದವಾಗಿ ಎದ್ದು ನಿಂತಿತ್ತು.

“ಇದೇನ್ ಭಾವ, ಮತ್ತೆ?”

“ಅಯ್ಯೋ, ಕೈ ತಾನೇ ಎತ್ತಿಟ್ಬಿಡ್ತು ಕಣೋ.”

“ಬಿಚ್ಚಿ ನೋಡೋಣ.”

“ಏನ್ ಬಿಚ್ಚದು? ಮಾಲೀಕ್ರು ತರೀಕೆರೆ ಬಿಟ್ಟವ್ರಂತೆ. ಬಂದಾಗ ಇದು ಕಾಲ್ ಕಳಚ್ಕೊಂಡು ಬಿದ್ದಿದ್ರೆ ನನ್ ಕತೆ ಮುಗೀತು.”

“ನಡುನೀರಲ್ಲಿ ತುಂಬ್ಕೊಂಡ್ರೆ?”

ಕೊನೆಗೆ ಒಪ್ಪಂದವಾಯಿತು. ಭಾವ ಕಾಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರು, ಎತ್ತಿ ಇಳಿಸಿದರು. ಕ್ಲಾಂಪು ಸಡಿಲವಿದ್ದರೆ ಅಷ್ಟು ಎಳೆತಕ್ಕೆ ರಬ್ಬರು ಜಾರಬೇಕು. ನಾನು ಇಂಜಿನ್ನಿನ ಪಕ್ಕ ಹೊಟ್ಟೆಯ ಮೇಲೆ ಮಲಗಿ ದೋಣಿಯ ತಳ ಮುಟ್ಟಿ ಮುಟ್ಟಿ ನೋಡಿದೆ. ಒಣಗಿತ್ತು. ಮತ್ತೆ ಮುಟ್ಟಿದೆ. ಒದ್ದೆ.

“ನೀರು! ಭಾವ, ನೀರು ಬಂತು!”

“ಲೇ, ಅದು ನನ್ ಸೀರೆ ಅಂಚಿಂದು ಕಣೋ,” ಎಂದಳು ಅಕ್ಕ. ನಮ್ಮಿಬ್ಬರ ಜಗಳದ ನಡುವೆ ನೀರಿಗಿಳಿದು ದೋಣಿ ಹತ್ತಿ ಕೂತಿದ್ದಳು. “ನೀನು ಅನುಮಾನ ಪಡ್ತಾ ಇರು. ನಾನು ಒಂದ್ ಸುತ್ತು ಹೋಗೇ ಹೋಗ್ತೀನಿ.”

ಮಾಲೀಕರು ಬಂದರು. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡೆವು. ದೋಣಿ ದಡ ಬಿಟ್ಟಿತು. ಮುಳುಗಿದ ಗುಡ್ಡಗಳ ತಲೆಗಳು ದ್ವೀಪಗಳಾಗಿ ನಿಂತಿವೆಯಂತೆ, ಒಂದರ ಮೇಲೆ ಬೆಳ್ಳಗೆ ಹಕ್ಕಿಗಳಿದ್ದವಂತೆ. ಅಕ್ಕ ಹೇಳಿದ್ದು. ನಾನು ಕೈಯನ್ನು ದೋಣಿಯ ತಳದಿಂದ ತೆಗೆಯಲೇ ಇಲ್ಲ. ತಳ ಒಣಗಿಯೇ ಇತ್ತು.

ದಡಕ್ಕೆ ಬಂದಾಗ ಮಾಲೀಕರ ಮುಖ ಅರಳಿತ್ತು. “ಎತ್ತಿ ಕೋಲು ಕೊಡಪ್ಪ, ಹೋದ್ಸಲದಂಗೇ,” ಎಂದು ವಾಚ್‌ಮನ್ನಿಗೆ ಹೇಳಿದರು.

ಭಾವ ಸುಮ್ಮನಿರಬಹುದಿತ್ತು. ಕೆಲಸ ಇನ್ನೇನು ಕೈಗೆ ಬಂದಿತ್ತು. ಅವರು ವಾಚ್‌ಮನ್ನಿನ ಕೈಯಿಂದ ಕವೆಗೋಲು ಇಸಿದುಕೊಂಡರು. “ಬ್ಯಾಡಿ ಸಾರ್. ಇನ್ಮೇಲೆ ಇಳಿಸೇ ಬಿಡ್ಬೇಕು. ಎತ್ತಿಡಿ ಅಂತ ಹೋದ್ವರ್ಷ ಹೇಳ್ದೋನು ನಾನೇ. ಅದಕ್ಕೇ ಹರಿದಿದ್ದು.”

ಮಾಲೀಕರು ಕಾರಿನ ಬಾಗಿಲು ತೆರೆದರು. “ಇದನ್ನೂ ಹರಿಬೇಡ್ರಿ ಮತ್ತೆ,” ಎಂದು ಕಾರು ಹತ್ತಿದರು. ಅದು ಹೌದೋ ಅಲ್ಲವೋ ನಮ್ಮ ಮೂವರಿಗೂ ತಿಳಿಯಲಿಲ್ಲ. ಆ ವಾರದ ಕೊನೆಗೆ ಮಿಕ್ಕ ದೋಣಿಗಳನ್ನೂ ನೋಡಲು ಕರೆ ಬಂದಾಗ ತಿಳಿಯಿತು.

ಭಾವನ ಅನ್ನಕ್ಕೆ ದಾರಿಯಾಯಿತು, ನನ್ನ ತಳಮಳ ಹೋಗಲಿಲ್ಲ. ಕ್ಲಾಂಪಿಲ್ಲದೆ ಬರೀ ಅಂಟೇ ಹಿಡಿದಿರಬಹುದಲ್ಲ? ಬಿಗಿದದ್ದು ತಾನೇ ಎಂದು ಭಾವ ಈಗ ಹೇಳತೊಡಗಿದ್ದರು. ಅಕ್ಕ, ಇಲ್ಲ, ಚಪಾತಿ ತಿಂದು ಕೈ ತೊಳೆದು ನೀನೇ ಬಿಗಿದೆ ಎನ್ನುತ್ತಿದ್ದಳು. ಮರುವರ್ಷ ಗ್ರೀಸ್ ಹಾಕಲು ಕಾಲು ಬಿಚ್ಚುವ ದಿನ ನಾನು ಕಾಲೇಜಿಗೆ ರಜೆ ಹಾಕಿ ಹೋದೆ. ಗ್ರೀಸಿಗೆ ಅಷ್ಟೊಂದು ಬಿಚ್ಚಬೇಕಿಲ್ಲ ಎಂದು ಗೊಣಗುತ್ತಲೇ ಭಾವ ಒಳಗಿನದನ್ನೂ ತೆರೆದುಕೊಟ್ಟರು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಅಲುಗಲಿಲ್ಲ. ಟಾರ್ಚು ಹಿಡಿದೆ. ಪಟ್ಟಿಯ ಅಂಚಿನುದ್ದಕ್ಕೂ ಅಂಟು ಹೊರಗೆ ಹಿಂಡಿ ಬಂದು, ಸ್ಕ್ರೂವಿನ ಎಳೆಗಳ ಮೇಲೆಯೇ ಒಣಗಿ ಕೂತಿತ್ತು. ಅಂಟಿಲ್ಲದೆ ಬಿಗಿದ ಸಲ ಅದು ಅಲ್ಲಿಗೆ ಬರುವಂತಿಲ್ಲ. ಯಾರೋ ಒಬ್ಬರು, ಅಂಟು ಇನ್ನೂ ಹಸಿಯಿದ್ದಾಗಲೇ, ಆ ಕ್ಲಾಂಪನ್ನು ಎರಡನೆಯ ಸಲ ಬಿಗಿದಿದ್ದರು.