ತಾಡಪತ್ರಿ ಮುಚ್ಚಿದ ಕೆಂಪು ದೀಪ

ನಮ್ಮ ಬನಹಟ್ಟಿಯಲ್ಲಿ ಸೀರೆಯನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಾರೆ. ಅದನ್ನು ಹೊತ್ತೊಯ್ಯುವ ಮನುಷ್ಯನನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷದಿಂದ ಈ ಮಾತು ಹೇಳುತ್ತಲೇ ಇದ್ದೇನೆ. ಕೇಳಿ ಕೇಳಿ ಮನೆಯವರಿಗೆ ಸಾಕಾಗಿದೆ, ನನಗಿನ್ನೂ ಆಗಿಲ್ಲ.

ನಮ್ಮದು ನಾಲ್ಕು ಪವರ್‌ಲೂಮ್ ಇರುವ ಮನೆ. ವಾರಕ್ಕೊಮ್ಮೆ ನನ್ನ ಗಂಡ ಸೀರೆಗಳನ್ನೆಲ್ಲ ಒಂದು ದೊಡ್ಡ ಗಂಟು ಕಟ್ಟಿ, ಮೋಟರ್ ಸೈಕಲ್ಲಿನ ಹಿಂದಿನ ಸೀಟಿಗೆ ಹಳೆಯ ಟ್ಯೂಬಿನಿಂದ ಬಿಗಿದು, ಜಮಖಂಡಿಗೆ ಒಯ್ದು ಏಳರ ಬಸ್ಸಿಗೆ ಹಾಕಿ ಬರುತ್ತಾರೆ. ಚಳಿಗಾಲ ಬಂತೆಂದರೆ ಮಂಜಿನ ತೇವ ಸೀರೆಗೆ ತಾಗಬಾರದೆಂದು ಗಂಟಿನ ಮೇಲೆ ತಾಡಪತ್ರಿ ಹೊದಿಸುತ್ತಾರೆ. ಅದರ ಅಂಚು ನಂಬರ್ ಪ್ಲೇಟಿನ ತನಕ ಇಳಿಬಿದ್ದು ಹಿಂದಿನ ಕೆಂಪು ದೀಪವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಂದರೆ ಮಂಜಿಲ್ಲದ ದಿನ ದೀಪ ಕಾಣುತ್ತದೆ, ಮಂಜು ಬಿದ್ದ ದಿನವೇ ಕಾಣುವುದಿಲ್ಲ. ನಮ್ಮ ಓಣಿಯಲ್ಲಿ ಗಂಟು ಹೊರುವ ಗಾಡಿಗಳೆಲ್ಲ ಹೀಗೆಯೇ. ಸೀರೆ ಒಣಗಿರಬೇಕು, ಅಷ್ಟೇ.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದರೆ ಎದುರಿನ ಮನೆಯೇ ಕಾಣಿಸಲಿಲ್ಲ. ಇವರು ಆಗಲೇ ಗಾಡಿ ಶುರು ಮಾಡಿದ್ದರು.

"ರೀ, ಬಿಸಿಲ ಬೀಳ್ಲಿ, ಆಮ್ಯಾಲ ಹೋಗ್ರಿ," ಅಂದೆ.

"ಬಸ್ಸಿನಾಂವ ಬಿಸಿಲಿಗಂತ ಕಾಯ್ಕೋತ ನಿಂದರತಾನೇನ?"

"ಹಂಗಾದ್ರ ಆ ತಾಡಪತ್ರಿ ಹಿಂದ ಮಡಚ್ರಿ. ಲೈಟ್ ಮುಚ್ಚೇತಿ!"

ಮಂಕಿ ಟೋಪಿಯೊಳಗಿನ ಕಿವಿಗೆ ನನ್ನ ಮಾತು ಬಿತ್ತೋ ಇಲ್ಲವೋ, ಹೊರಟೇಬಿಟ್ಟರು. ಹತ್ತು ಹೆಜ್ಜೆ ಹೋಗುವುದರೊಳಗೆ ಮನುಷ್ಯ ಮಾಯ. ಗಾಡಿಯ ಸದ್ದು ಮಾತ್ರ ಓಣಿಯ ತುದಿಯ ತನಕ ಕೇಳಿಸಿತು.

ಕಬ್ಬಿನ ಹಂಗಾಮು ಬೇರೆ. ಆ ರಸ್ತೆಯಲ್ಲಿ ಟ್ರ್ಯಾಕ್ಟರುಗಳು, ಲಾರಿಗಳು ಹೊತ್ತು ನೋಡದೆ ಓಡುತ್ತವೆ. ಹಿಂದಿನಿಂದ ಬರುವವನಿಗೆ ಇವರು ಕಾಣುವುದಾದರೂ ಹೇಗೆ? ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಗಾಡಿ ಹೊಡೆಯುವಾಗ ಇವರು ಎತ್ತುವುದಿಲ್ಲ. ಬೇರೆ ದಿನವಾಗಿದ್ದರೆ ಶಾಣ್ಯಾ ಅನ್ನುತ್ತಿದ್ದೆ, ಅಂದು ಹಲ್ಲು ಕಡಿದೆ.

ನಾನು ಹುನ್ನೂರ ಕಡೆಯ ಒಂದು ಸಾಲೆಯಲ್ಲಿ ಟೀಚರು. ನಲವತ್ತರ ಮೇಲೆ ಡ್ರೈವಿಂಗ್ ಕಲಿತು ಒಂದು ಹಳೆಯ ಕಾರು ಇಟ್ಟುಕೊಂಡಿದ್ದೇನೆ. ಅದರ ಹಿಂದಿನ ಎರಡು ಕೆಂಪು ದೀಪಗಳು ಚೆನ್ನಾಗಿ ಉರಿಯುತ್ತವೆ. ಇವರನ್ನು ಹೋಗಿ ಹಿಡಿದು, ಜಮಖಂಡಿಯ ತನಕ ಹಿಂದೆಯೇ ಹೋದರೆ ನನ್ನ ದೀಪವೇ ಇವರಿಗೂ ದೀಪವಾಗುತ್ತದೆ ಎಂದುಕೊಂಡೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ನಮ್ಮ ಅತ್ತೆ ಶಾಲು ಹೊದ್ದು ಕಾರಿನಲ್ಲಿ ಕುಳಿತಾಗಿತ್ತು.

"ಅತ್ಯಾರ, ನೀವ್ಯಾಕ? ಚಳಿ ಐತಿ, ಇಳೀರಿ."

"ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಹೋಗ್ಯಾನ. ಮನ್ಯಾಗ ಕುಂತ ನಾ ಏನ್ ಮಾಡ್ಲಿ? ನಡಿ."

ಊರು ದಾಟಿದ್ದೇ ತಡ, ನಾನು ದೊಡ್ಡ ಲೈಟು ಹಾಕಿದೆ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಬೆಳಕೆಲ್ಲ ಮಂಜಿಗೆ ಬಡಿದು ತಿರುಗಿ ನನ್ನ ಕಣ್ಣಿಗೇ ಬಂತು, ಗಾಜಿನ ಮುಂದೆ ಸುಣ್ಣ ಬಳಿದ ಗೋಡೆ ನಿಲ್ಲಿಸಿದ ಹಾಗಾಯಿತು. ಡಿಮ್‌ಗೆ ಇಳಿಸಿದ ಮೇಲೆ ನಾಲ್ಕು ಮಾರು ಡಾಂಬರು ಕಾಣಿಸಿತು. ಎರಡೂ ಕಿಟಕಿ ಇಳಿಸಿ, ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿದು ಹೊರಟೆ. ಕಣ್ಣು ಕೆಲಸ ಮಾಡದ ಕಡೆ ಕಿವಿಯಾದರೂ ಮಾಡಲಿ ಎಂದು ಅತ್ತೆಗೆ, "ಸುಮ್ಮ ಕುಂತು ಗಾಡಿ ಸಪ್ಪಳ ಕೇಳ್ರಿ," ಅಂದೆ. ಅವರು ಸುಮ್ಮನೆ ಕೂರುವ ಪೈಕಿಯೇ ಅಲ್ಲ. ಅಂದು ಕುಳಿತರು.

ಸ್ವಲ್ಪ ದೂರದಲ್ಲಿ ಎರಡು ಹಳದಿ ದೀಪಗಳು ಪಕಪಕ ಮಿಣುಕಿದವು. ಪಿಕಪ್ ಗಾಡಿಯೊಂದು ಕೆಟ್ಟು ನಿಂತಿದೆ ಎಂದುಕೊಂಡು ಬಲಕ್ಕೆ ಹೊರಳಿದೆ. ಪಕ್ಕಕ್ಕೆ ಬಂದ ಮೇಲೆ ನೋಡಿದರೆ ಅದು ಓಡುತ್ತಲೇ ಇದೆ! ಮಂಜು ಬಿದ್ದರೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೊರಡಬೇಕೆಂದು ಈ ಡ್ರೈವರುಗಳಿಗೆಲ್ಲ ಯಾವ ಪುಣ್ಯಾತ್ಮ ಕಲಿಸಿದನೋ. ನಿಂತವನು ಯಾರು, ಓಡುವವನು ಯಾರು, ತಿರುಗುವವನು ಯಾರು, ಒಂದೂ ತಿಳಿಯುವುದಿಲ್ಲ. ಅವನಿಗೆ ಶಾಪ ಹಾಕುತ್ತಲೇ ಮುಂದೆ ಬಂದೆ.

ಅಷ್ಟರಲ್ಲಿ ಎದುರಿನಿಂದ ಒಂದೇ ಒಂದು ದೀಪ ಬಂತು.

"ಬಂದ! ತಿರುಗಿ ಬಂದ ನನ್ನಪ್ಪ!" ಎಂದು ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿದರು.

ನಾನೂ ಮೋಟರ್ ಸೈಕಲ್ಲೇ ಎಂದು ನಂಬಿ ಉಸಿರು ಬಿಟ್ಟೆ. ದೀಪ ಹತ್ತಿರ ಬಂದ ಹಾಗೆ ಅದರ ಪಕ್ಕದಲ್ಲಿ ಇನ್ನೊಂದು ಚಕ್ರ, ಹಿಂದೆ ಮಾಳಿಗೆಯಷ್ಟು ಎತ್ತರದ ಕಬ್ಬು ಕಾಣಿಸಿತು. ಒಂದು ಲೈಟು ಕೆಟ್ಟ ಟ್ರ್ಯಾಕ್ಟರು ಅದು. ಎಡಕ್ಕೆ ಎಳೆದೆ, ಎರಡು ಚಕ್ರ ಮಣ್ಣಿಗಿಳಿದವು. ಕಬ್ಬಿನ ಗರಿ ನನ್ನ ಕಡೆಯ ಕಿಟಕಿಯೊಳಗೇ ಬಂದು ಕೆನ್ನೆ ಗೀರಿತು. ಟ್ರಾಲಿಯ ಹಿಂದೆ ದೀಪವಿರಲಿಲ್ಲ, ಒಂದು ಕೆಂಪು ಅರಿವೆ ಕಟ್ಟಿದ್ದರು.

"ಯವ್ವಾ ನಮ್ಮವ್ವಾ," ಎಂದು ಅತ್ತೆ ಅಳತೊಡಗಿದರು. "ಇಂಥಾವು ಹಿಂದಿಂದ ಬಂದ್ರ ಅವನ ಗತಿ ಏನ? ಲಗೂ ನಡಿಯವಾ. ಎತ್ತಿನ ಗಾಡಿ ಹೊಡದಂಗ ಹೊಡ್ಯಾಕತ್ತೀ."

"ಲಗೂ ಹೋದ್ರ ಕಾಣಬೇಕಲ್ರಿ!"

"ಅಂವಾ ಮುಂದ ಹೋಗಾಕತ್ತಾನ, ನೀ ಹಿಂದ ಉಳ್ಯಾಕತ್ತೀ. ಹಿಂಗಾದ್ರ ಯಾವಾಗ ಮುಟ್ಟತೀ?"

ಲೆಕ್ಕ ಖರೆ ಇತ್ತು. ಇವರು ಮೂವತ್ತರಲ್ಲಿ ಹೋಗುತ್ತಿದ್ದರೆ ನಾನು ಇಪ್ಪತ್ತರಲ್ಲಿ ಹೋಗಿ ಎಂದಿಗೂ ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಇವರಿಗಿಂತ ಜೋರು ಹೋಗಬೇಕು. ಜೋರು ಹೋದರೆ ಮುಂದಿನದು ಕಾಣುವುದಿಲ್ಲ. ಹಿಂದಿನಿಂದ ಜೋರಾಗಿ ಬರುವ, ಮುಂದಿನದು ಕಾಣದ ಗಾಡಿಯಿಂದಲೇ ಇವರನ್ನು ಉಳಿಸಲು ನಾನು ಹೊರಟಿದ್ದು. ಇದೆಲ್ಲ ನನಗೆ ಆಗಲೇ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಅತ್ತೆಯ ಅಳು, ಆ ಟ್ರ್ಯಾಕ್ಟರು, ಎತ್ತದ ಫೋನು ಎಲ್ಲ ಸೇರಿ ತಲೆ ಕೆಟ್ಟುಹೋಗಿತ್ತು. ಕಾಲು ಒತ್ತಿತು. ಮೂವತ್ತಾಯಿತು, ಮೂವತ್ತೈದಾಯಿತು, ಮುಳ್ಳು ನಲವತ್ತು ಮುಟ್ಟಿತು.

ಮಂಜಿನೊಳಗೆ ಕಲ್ಲಿನ ಹಾಗೆ ಏನೋ ಮಸುಕಾಗಿ ಕಂಡಿತು. ಕಲ್ಲಲ್ಲ, ತಾಡಪತ್ರಿ.

ಎರಡೂ ಕಾಲಿಂದ ಬ್ರೇಕ್ ತುಳಿದೆ. ಟೈರು ಕಿರ್ರೆಂದು ಚೀರಿ, ಕಾರು ಸ್ವಲ್ಪ ಅಡ್ಡಾಗಿ, ನಿಂತಿತು. ಮುಂದೆ ಯಾರೋ ದಬಕ್ಕೆಂದು ಕಬ್ಬಿನ ಹೊಲಕ್ಕೆ ಜಿಗಿದ ಸದ್ದು.

"ಕಣ್ಣ ಕಾಣಸೂದಿಲ್ಲೇನಲೇ ಮಗನ! ಮನಶ್ಯಾರ ಇದ್ದಾರೋ ಇಲ್ಲೋ ನೋಡೂದಿಲ್ಲಾ?" ಹೊಲದೊಳಗಿಂದ ನನ್ನ ಗಂಡನ ದನಿ ಬಂತು.

ಇವರು ಕೆಸರು ಒರೆಸಿಕೊಳ್ಳುತ್ತ ಮೇಲೆ ಬಂದು, ಕಾರು ನೋಡಿ, ನನ್ನನ್ನು ನೋಡಿ, "ಏ, ನೀನ? ಯವ್ವಾ, ನೀನೂ ಬಂದೀ?" ಅಂದು ನಕ್ಕೇಬಿಟ್ಟರು. ಟ್ಯೂಬು ಸಡಿಲಾಗಿತ್ತಂತೆ. ಅರ್ಧ ಗಾಡಿ ಡಾಂಬರಿನ ಮೇಲೆಯೇ ಬಿಟ್ಟು, ಅದರ ಹಿಂದೆ ನಿಂತು, ಬಗ್ಗಿ ಗಂಟು ಬಿಗಿಯುತ್ತಿದ್ದರಂತೆ.

ಹೊಲದಲ್ಲಿ ಉಳಿದ ಚಪ್ಪಲಿ ತರಲು ಇವರು ತಿರುಗಿದಾಗ ಅತ್ತೆ ಕಾರಿನಿಂದ ಇಳಿದರು. ಕಾರಿನ ಮುಂಭಾಗಕ್ಕೂ ಮೋಟರ್ ಸೈಕಲ್ಲಿನ ಹಿಂದಿನ ಚಕ್ರಕ್ಕೂ ನಡುವೆ ಬಗ್ಗಿ ಅಂಗೈ ಇಟ್ಟು ನೋಡಿದರು. ಅಡ್ಡ ಅಂಗೈ ಹಿಡಿಸಲಿಲ್ಲ. ತಿರುವಿ, ಬೆರಳು ಜೋಡಿಸಿ ಇಳಿಬಿಟ್ಟರು, ಆಗ ಹಿಡಿಸಿತು. ಆಮೇಲೆ ಒಮ್ಮೆ ನನ್ನ ಮುಖ ನೋಡಿದರು.

"ಮೊದಲ ಎರಡೂ ಗಾಡಿ ರಸ್ತೆ ಬಿಟ್ಟು ಕೆಳಗ ತಗೀರಿ," ಎಂದು ನಾನೇ ಚೀರಿದೆ. ಹೊಲದ ದಾರಿಗೆ ಪೂರ್ತಿ ಇಳಿಸಿ, ಬಿಸಿಲು ಬೀಳುವ ತನಕ ಮೂವರೂ ಕಾರಿನಲ್ಲಿ ಕುಳಿತೆವು. ಬಸ್ಸು ತನ್ನ ಪಾಡಿಗೆ ಹೋಯಿತು. ನಾನು ಕೈಕಟ್ಟಿ ಮುದುಡಿ ಕುಳಿತಿದ್ದೆ. ಚಳಿಗೆ ಎಂದುಕೊಂಡು ಇವರು ತಮ್ಮ ಸ್ವೆಟರ್ ತೆಗೆದು ನನ್ನ ಮೇಲೆ ಹಾಕಿದರು.

ಊರಿಗೆ ಬಂದ ಮೇಲೆ ಇವರಿಗೆ ಇದೇ ಕಥೆ. ಚಹಾದಂಗಡಿಯಲ್ಲಿ, ನೂಲಿನ ಅಂಗಡಿಯಲ್ಲಿ, ಎಲ್ಲಿ ಹೋದರೂ, "ನಮ್ಮಾಕಿ ಮಂಜಿನ್ಯಾಗ ಕಾರ್ ತಗೊಂಡ ಬಂದ್ಲ ನೋಡ್ರಿ, ನನ್ನ ಜೀಂವಾ ಉಳಸಾಕ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಓಣಿಯ ಹೆಂಗಸರು ಬಂದು ನನ್ನನ್ನು ಹೊಗಳಿದರು. ಅಂಗೈಯ ಅಳತೆ ಗೊತ್ತಿದ್ದವರು ನಾನೂ ಅತ್ತೆಯೂ ಇಬ್ಬರೇ. ಪೊರಕೆಯ ಹಂಚಿಕಡ್ಡಿಯಷ್ಟು ಸುದ್ದಿ ಸಿಕ್ಕರೂ ಓಣಿಗೆಲ್ಲ ಹಂಚುವ ನಮ್ಮ ಅತ್ತೆ ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲೂ ಇಲ್ಲ.

ಹದಿನೈದು ದಿನಗಳ ಮೇಲೆ ಮತ್ತೆ ಅಂಥದೇ ಮಂಜು ಬಿತ್ತು. ಇವರು ಗಂಟು ಕಟ್ಟಿಟ್ಟು ಮೋಟರ್ ಸೈಕಲ್ಲಿನ ಕೀಲಿ ಹುಡುಕುತ್ತಿದ್ದರು. ಸಾಲೆಗೆ ಬೇಗ ಹೋಗಬೇಕೆಂದು ನಾನು ಕಾರಿನ ಕೀಲಿ ಹುಡುಕುತ್ತಿದ್ದೆ. ಎರಡೂ ಇಟ್ಟಲ್ಲಿ ಇರಲಿಲ್ಲ. ಹೊರಗೆ ಬಂದರೆ ಅತ್ತೆ ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕುಳಿತಿದ್ದರು. ಸೊಂಟದಲ್ಲಿ ಸೆರಗಿನ ಗಂಟು ಉಬ್ಬಿಕೊಂಡಿತ್ತು.

"ಯವ್ವಾ, ಕೀಲಿ ಕೊಡು. ಹೊತ್ತಾತು," ಅಂದರು ಇವರು.

"ಬಿಸಿಲ ಬಿದ್ದ ಮ್ಯಾಲ ಕೊಡ್ತೀನಿ."

"ನಂದ ಇಟಗೊಂಡ್ರ ಇಟಗೋ. ಆಕೀದರ ಕೊಡು. ಆಕಿ ಛಲೋ ಹೊಡೀತಾಳ."

ಅತ್ತೆ ನನ್ನ ಕಡೆ ನೋಡಲಿಲ್ಲ. ಸೆರಗನ್ನು ಇನ್ನಷ್ಟು ಬಿಗಿದು, "ಮೊದಲ ಆಕೀದನ ತಗೊಂಡೇನಿ," ಅಂದರು.